ಚಿಟ್ಟೆಗಳಿಗಾಗಿ ಒಂದೇ ಒಂದು ನಾಡಬಳ್ಳಿ ಬೆಳೆಸುವುದಾದರೆ ಯಾವುದು?

ನನ್ನ ಉತ್ತರ ಈಶ್ವರಿ ಬಳ್ಳಿ. ಹೂವಿನ ಅಂದಕ್ಕಲ್ಲ, ಎಲೆಗಾಗಿ. ಕರ್ನಾಟಕದ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್, ಜೊತೆಗೆ ಕಾಮನ್ ರೋಸ್, ಕ್ರಿಮ್ಸನ್ ರೋಸ್ ಚಿಟ್ಟೆಗಳು ಈ ಬಳ್ಳಿಯ ಮೇಲೆ ಮೊಟ್ಟೆ ಇಡುತ್ತವೆ. ಇದರ ಎಲೆಯಲ್ಲಿ ಅರಿಸ್ಟೊಲೋಕಿಕ್ ಆಮ್ಲ ಅನ್ನುವ ವಿಷ ಇದೆ. ಮರಿಹುಳು ಅದನ್ನು ತಿಂದು ಮೈಯಲ್ಲೇ ಉಳಿಸಿಕೊಳ್ಳುತ್ತದೆ. ಹಾಗಾಗಿ ಹಕ್ಕಿಗಳು ಅದರ ತಂಟೆಗೆ ಹೋಗುವುದು ಕಡಿಮೆ. ಎಷ್ಟು ಚೆಂದದ ಏರ್ಪಾಡು ಅಲ್ವಾ?

ಅದೇ ವಿಷ ನಮ್ಮ ಕಿಡ್ನಿ ಹಾಳು ಮಾಡುತ್ತದೆ, ಕ್ಯಾನ್ಸರ್‌ಗೂ ಕಾರಣ. ಹಾವಿನ ವಿಷಕ್ಕೆ ಮದ್ದು ಅಂತ ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ, ಇದನ್ನು ತಿನ್ನಲೇಬಾರದು.

ಬೆಳೆಸುವುದು ಕಷ್ಟವಲ್ಲ. ಒಣಗಿದ ಕಾಯಿ ಪುಟ್ಟ ಪ್ಯಾರಾಚೂಟ್‌ನಂತೆ ತೂಗುತ್ತದೆ, ಒಳಗೆ ತೆಳ್ಳನೆ ಚಪ್ಪಟೆ ಬೀಜ. ನೀರು ನಿಲ್ಲದ ಮಣ್ಣು, ಅರೆ ನೆರಳು, ಹಬ್ಬಲು ಬೇಲಿಯೋ ಹಂದರವೋ ಇದ್ದರೆ ಸಾಕು. ಮೊಳಕೆ ಬರಲು ತಡವಾದರೆ ಸುಮ್ನೆ ಕೆದಕಬೇಡಿ. ಒಂದಲ್ಲ, ನಾಲ್ಕೈದು ಬಳ್ಳಿ ಹಾಕಿ. ಹಸಿದ ಹುಳುಗಳು ಎಳೆ ಬಳ್ಳಿಯನ್ನು ಬೋಳು ಮಾಡಿಬಿಡುತ್ತವೆ. ಗಾಬರಿ ಬೇಡ, ಬೇರೂರಿದ ಬಳ್ಳಿ ಮತ್ತೆ ಚಿಗುರುತ್ತದೆ. ಕೀಟನಾಶಕವಂತೂ ಬೇಡವೇ ಬೇಡ, ಬೇವಿನೆಣ್ಣೆಯೂ ಬೇಡ.

ಇದೇ ಕುಲದ ದೊಡ್ಡ ಹೂವಿನ ವಿದೇಶಿ ಜಾತಿಗಳನ್ನು ಇದರ ಬದಲು ತರಬೇಡಿ. ಕೆಲವುಗಳ ಮೇಲೆ ಚಿಟ್ಟೆ ಮೋಸಹೋಗಿ ಮೊಟ್ಟೆ ಇಡುತ್ತದೆ, ಆದರೆ ಮರಿಗಳು ಬದುಕುವುದಿಲ್ಲ. ದೊಡ್ಡ ಚಿಟ್ಟೆಗಳ ಮಕರಂದಕ್ಕೆ ಪಕ್ಕದಲ್ಲೊಂದು ಕೇಪಳ ಗಿಡ ನೆಡಿ.