ಗೋವಾದಲ್ಲಿ ಸಣ್ಣ ಪವರ್‌ಬೋಟ್ ಓಡಿಸುವ ಮುಂಚೆ ಏನೇನು ತಯಾರಿ ಬೇಕು?

ಗೆಳೆಯರ ಔಟ್‌ಬೋರ್ಡ್ ಬೋಟನ್ನು (ಹಿಂಬದಿಗೆ ಹೊರಗಡೆ ಎಂಜಿನ್ ಸಿಕ್ಕಿಸಿದ್ದು) ಮಾಂಡೋವಿ ನದಿಯಲ್ಲಿ ಓಡಿಸಬೇಕು, ಈಜು ಚೆನ್ನಾಗಿ ಬರುತ್ತೆ, ಇನ್ನೇನು ಬೇಕು ಅಂತ ಕೇಳಿದ್ದೀರಿ. ನಾನು ಕಾರವಾರದವನು, ಈಗ ವಾಸ್ಕೋದಲ್ಲಿದ್ದೇನೆ, ಇಂಥದ್ದೇ ಬೋಟ್ ಓಡಿಸುತ್ತೇನೆ.

ಈಜಿನ ಮಾತು ಆಮೇಲೆ. ಮೊದಲು ಎಂಜಿನ್ ಸ್ವಿಚ್ಚಿಗೆ ಸಿಕ್ಕಿಸುವ ಕೆಂಪು ಸುರುಳಿ ದಾರ ಎಲ್ಲಿದೆ ನೋಡಿ. ಕಿಲ್ ಕಾರ್ಡ್ ಅಂತಾರೆ. ಅದರ ಇನ್ನೊಂದು ತುದಿ ನಿಮ್ಮ ತೊಡೆಗೋ ಲೈಫ್ ಜಾಕೆಟ್ಟಿಗೋ ಕಟ್ಟಿರಬೇಕು. ನೀವು ನೀರಿಗೆ ಬಿದ್ದರೆ ಕ್ಲಿಪ್ ಕಿತ್ತು ಬಂದು ಎಂಜಿನ್ ನಿಲ್ಲುತ್ತದೆ. ದಾರ ಕಟ್ಟಿಲ್ಲದಿದ್ದರೆ ಓಡಿಸುವವರಿಲ್ಲದ ಬೋಟ್ ನೆಟ್ಟಗೆ ಹೋಗಿಬಿಡುತ್ತೆ ಅಂದುಕೊಳ್ಳಬೇಡಿ. ಸಾಮಾನ್ಯವಾಗಿ ಅದು ಸುತ್ತು ಹೊಡೆದು ಬಿದ್ದವರ ಮೇಲೇ ಬರುತ್ತದೆ, ಪ್ರೊಪೆಲ್ಲರ್ ತಿರುಗುತ್ತಲೇ ಇರುತ್ತದೆ. ಇನ್ನೊಂದು ದಾರ ಬೋಟಿನಲ್ಲಿರಲಿ. ಯಾಕಂದ್ರೆ ಕ್ಲಿಪ್ ನಿಮ್ಮ ಜೊತೆ ನೀರಿಗೆ ಹೋದರೆ, ಮೇಲಿರುವವರು ನಿಮ್ಮನ್ನು ಎತ್ತಿಕೊಳ್ಳಲು ಎಂಜಿನ್ ಶುರು ಮಾಡೋದು ಹೇಗೆ? ಅದನ್ನು ಹಾಕುವುದು ಹೇಗೆ ಅಂತ ಒಬ್ಬರಿಗಾದರೂ ತೋರಿಸಿಕೊಡಿ.

ಫೋಟೋಗೋಸ್ಕರ ಯಾರೂ ಬೋಟಿನ ಮುಂದಿನ ಮೂತಿಯ ಮೇಲೆ ಕಾಲು ಇಳಿಬಿಟ್ಟು ಕೂರಬಾರದು. ಅಲ್ಲಿಂದ ಜಾರಿದರೆ ಬೋಟಿನ ಅಡಿಗೇ ಹೋಗೋದು.

ಲೈಫ್ ಜಾಕೆಟ್ ಸೀಟಿನ ಕೆಳಗಲ್ಲ, ಮೈ ಮೇಲೆ, ಬಕಲ್ ಹಾಕಿ. ತಲೆಗೆ ಪೆಟ್ಟು ಬಿದ್ದರೆ ಈಜು ಉಪಯೋಗಕ್ಕೆ ಬರಲ್ಲ. ತಪ್ಪು ನಿಮ್ಮದೇ ಆಗಿರಬೇಕು ಅಂತಲೂ ಇಲ್ಲ. 2024ರ ಡಿಸೆಂಬರ್ 18ರಂದು ಮುಂಬೈ ಬಳಿ ಎಂಜಿನ್ ಪರೀಕ್ಷೆಯಲ್ಲಿದ್ದ ನೌಕಾಪಡೆಯ ಬೋಟ್ ಹತೋಟಿ ತಪ್ಪಿ ಎಲಿಫೆಂಟಾಕ್ಕೆ ಹೋಗುತ್ತಿದ್ದ ಫೆರಿಗೆ ಗುದ್ದಿತು. ಫೆರಿಯವರು ಸುಮ್ನೆ ತಮ್ಮ ಪಾಡಿಗೆ ಹೋಗುತ್ತಿದ್ದವರು.

ಇನ್ನು ಮಾಂಡೋವಿ ಸಮುದ್ರ ಸೇರುವ ಬಾಯಿ. ಪಣಜಿ ಎದುರು ನೀರು ಕೆರೆಯ ಹಾಗಿದ್ದರೂ ಅಗ್ವಾದ ಕೋಟೆಯ ಹತ್ತಿರ ನೀರಿನಡಿಯ ಮರಳು ದಿಬ್ಬದ ಮೇಲೆ ಬೇರೆಯೇ ಕಥೆ. ಇಳಿತದಲ್ಲಿ ಹೊರಹೋಗುವ ನೀರು, ಒಳಬರುವ ಸಮುದ್ರದ ಅಲೆ, ಎರಡೂ ಡಿಕ್ಕಿ ಹೊಡೆದು ಅಲೆಗಳು ಕಡಿದಾಗಿ ಏಳುತ್ತವೆ. ಮುರ್ಮಗೋವಾ ಬಂದರಿನ ಟೈಡ್ ಟೇಬಲ್ (ಭರತ ಇಳಿತದ ವೇಳಾಪಟ್ಟಿ) ನೋಡಿಕೊಂಡೇ ಹೊರಡಿ. ಬೆಳಿಗ್ಗೆಯೇ ಹೋಗಿ, ಮಧ್ಯಾಹ್ನದ ಮೇಲೆ ಕಡಲ ಗಾಳಿ ಜಾಸ್ತಿಯಾಗುತ್ತದೆ. ಮಳೆಗಾಲದಲ್ಲಿ ಬೇಡವೇ ಬೇಡ.

ಪೆಟ್ರೋಲ್ ಮೂರು ಪಾಲು ಮಾಡಿ: ಹೋಗಲು ಒಂದು, ಬರಲು ಒಂದು, ಉಳಿದದ್ದು ಮುಟ್ಟಬೇಡಿ. ಶುರು ಮಾಡಿದ ಕೂಡಲೇ ಎಂಜಿನ್ನಿನಿಂದ ಅದನ್ನು ತಂಪು ಮಾಡುವ ನೀರು ಪಿಚಕಾರಿಯಂತೆ ಚಿಮ್ಮುತ್ತಿದೆಯಾ ನೋಡಿ. ಇಲ್ಲದಿದ್ದರೆ ಆಫ್ ಮಾಡಿ, ನೀರೆಳೆಯುವ ಜಾಗದಲ್ಲಿ ಪ್ಲಾಸ್ಟಿಕ್ ಸಿಕ್ಕಿರುತ್ತದೆ, ಇಲ್ಲಿ ಅದಕ್ಕೇನು ಬರ? ಬಿಯರ್ ದಡಕ್ಕೆ ಬಂದ ಮೇಲೆ. ಗೋವಾ ಅಲ್ವಾ, ಹೇಳಲೇಬೇಕು.

ಬೋಟಿನ ಕಾಗದ ಪತ್ರದ ಬಗ್ಗೆ ಪಣಜಿಯ ಕ್ಯಾಪ್ಟನ್ ಆಫ್ ಪೋರ್ಟ್ಸ್ ಕಚೇರಿಯಲ್ಲೇ ಕೇಳಿ. ಕೋಸ್ಟ್ ಗಾರ್ಡ್ ನಂಬರ್ 1554, ವಿಎಚ್‌ಎಫ್ ರೇಡಿಯೋ ಇದ್ದರೆ ಚಾನೆಲ್ 16. ಎಲ್ಲಿಗೆ, ಎಷ್ಟು ಹೊತ್ತಿಗೆ ವಾಪಸ್ ಅಂತ ದಡದಲ್ಲಿರುವ ಒಬ್ಬರಿಗೆ ಹೇಳಿ ಹೋಗಿ. ಬಂದ ಮೇಲೆ ಅವರಿಗೆ ಫೋನ್ ಮಾಡೋದು ಮರೀಬೇಡಿ. ಇಲ್ಲಾಂದ್ರೆ ನೀವು ಮೀನೂಟ ಮಾಡುತ್ತಿರುವಾಗ ಅವರು 1554ಕ್ಕೆ ಫೋನ್ ಹಚ್ಚಿರುತ್ತಾರೆ.