ಮನೆಭಾಷೆ ಬೇರೆ ಇರುವ ಮಗುವಿಗೆ ಫ್ರೆಂಚ್ ಕ್ಲಾಸ್ ಬಿಡಿಸಬೇಕಾ?

ಮಗಳಿಗೆ ಮನೆಯಲ್ಲಿ ಒಂದು ಭಾಷೆ, ಸರ್ಕಾರಿ ಶಾಲೆಯಲ್ಲಿ ಇನ್ನೊಂದು. ಅದರ ಮೇಲೆ ಫ್ರೆಂಚ್ ಯಾಕೆ, ಆ ಪೀರಿಯಡ್ ಬಿಡಿಸಿ ಶಾಲೆಯ ಭಾಷೆಯನ್ನೇ ಜಾಸ್ತಿ ಕಲಿಸೋಣ ಅಂತ ಶಾಲೆಯವರು ಹೇಳುತ್ತಿದ್ದಾರೆ, ಒಪ್ಪಬೇಕಾ ಅಂತ ಕೇಳಿದ್ದೀರಿ. ನಾನು ಫ್ರೆಂಚ್ ಟೀಚರ್, ಹಾಗಾಗಿ ಸ್ವಲ್ಪ ಪಕ್ಷಪಾತ ಇದ್ದರೂ ಇರಬಹುದು. ಆದರೂ ಹೇಳುತ್ತೇನೆ, ಬಿಡಿಸಬೇಡಿ.

ಇಡೀ ತರಗತಿ ಸೊನ್ನೆಯಿಂದ ಶುರು ಮಾಡುವುದು ಆ ಪೀರಿಯಡ್‌ನಲ್ಲಿ ಮಾತ್ರ. ಬೇರೆ ಪಾಠಗಳಲ್ಲಿ ಹಿಂದೆ ಬೀಳುವ ಮಗು ಅಲ್ಲಿ ಎಲ್ಲರ ಸಮಕ್ಕೆ ನಿಲ್ಲುತ್ತದೆ. ಎಷ್ಟೋ ಸಲ ಮುಂದೆಯೇ ಇರುತ್ತದೆ. ಫ್ರೆಂಚ್‌ನಲ್ಲಿ ಮೇಜು ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ ಅಂದರೆ ಇಂಗ್ಲಿಷ್ ಒಂದೇ ಬಲ್ಲ ಮಕ್ಕಳು "ಯಾಕೆ ಮಿಸ್?" ಅಂತ ಜಗಳಕ್ಕೇ ಬರುತ್ತಾರೆ. ಮನೆಯಲ್ಲಿ ಅರಬ್ಬಿಯೋ ಹಿಂದಿಯೋ ಆಡುವ ಮಗು ಸುಮ್ನೆ ಬರೆದುಕೊಳ್ಳುತ್ತದೆ. ವಸ್ತುಗಳಿಗೂ ಲಿಂಗ ಇರುವುದು ಅದಕ್ಕೆ ಹೊಸದೇನಲ್ಲ. (ಯಾವುದಕ್ಕೆ ಯಾವ ಲಿಂಗ ಅನ್ನುವುದನ್ನು ಮಾತ್ರ ಅದೂ ಬಾಯಿಪಾಠ ಮಾಡಲೇಬೇಕು, ಪಾಪ.)

ಇನ್ನು ಶಾಲೆಯ ಭಾಷೆ. "ಆಟದಲ್ಲಿ ಪಟಪಟ ಮಾತಾಡ್ತಾಳೆ, ಪರೀಕ್ಷೆಯಲ್ಲಿ ಯಾಕೆ ಹೀಗೆ?" ಅನ್ನುವ ದೂರು ನಿಮಗೂ ಬಂದಿರುತ್ತದೆ. ಕೆನಡಾದಲ್ಲಿ ಕೆಲಸ ಮಾಡಿದ ಭಾಷಾ ಶಿಕ್ಷಣ ಸಂಶೋಧಕ ಜಿಮ್ ಕಮಿನ್ಸ್ 1979ರಲ್ಲೇ ಆಟದ ಮಾತು, ಪಾಠದ ಭಾಷೆ ಈ ಎರಡನ್ನು ಬೇರೆ ಮಾಡಿ ತೋರಿಸಿದರು. ಅವರ ಲೆಕ್ಕದಲ್ಲಿ ಮಾತಿನ ಭಾಷೆ ಸುಮಾರು 2 ವರ್ಷದಲ್ಲಿ ಬರುತ್ತದೆ. ಪಠ್ಯದ ಭಾಷೆಯಲ್ಲಿ ಸಹಪಾಠಿಗಳನ್ನು ಮುಟ್ಟಲು 5ರಿಂದ 7 ವರ್ಷ ಬೇಕು. ಒಂದು ಲೆಕ್ಕ ನೋಡಿ: ಒಬ್ಬಳ ಹತ್ತಿರ 12 ಪೆನ್ಸಿಲ್, ಇನ್ನೊಬ್ಬಳ ಹತ್ತಿರ 7. ಮೊದಲನೆಯವಳ ಹತ್ತಿರ ಎಷ್ಟು ಜಾಸ್ತಿ ಇವೆ? ಮಗು "ಜಾಸ್ತಿ" ನೋಡಿ ಕೂಡಿಸಿ 19 ಬರೆಯುತ್ತದೆ. ಅದನ್ನೇ ಮನೆಭಾಷೆಯಲ್ಲಿ ಕೇಳಿ, ಥಟ್ಟನೆ 5 ಅನ್ನಬಹುದು. ಇಂಥದ್ದನ್ನು ಗಣಿತದ ಟೀಚರ್ ಗಣಿತದ ಪಾಠದಲ್ಲೇ ಬಿಡಿಸಿ ಹೇಳಬೇಕು. ಫ್ರೆಂಚ್ ಕ್ಲಾಸ್ ಬಿಟ್ಟು ವ್ಯಾಕರಣ ತಿದ್ದಿದರೆ ಏನು ಪ್ರಯೋಜನ?

ಮನೆಯಲ್ಲೂ ಶಾಲೆಯ ಭಾಷೆಯನ್ನೇ ಆಡಿ ಅಂತ ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ. ಮನೆಭಾಷೆಯಲ್ಲಿ ಓದಲು ಬರೆಯಲು ಕಲಿಸಿದರೆ ಅದೂ ಶಾಲೆಯಲ್ಲಿ ಲೆಕ್ಕಕ್ಕೆ ಬರಬಹುದು. ಇಂಗ್ಲೆಂಡ್‌ನಲ್ಲಿ ಉರ್ದು, ಅರಬ್ಬಿ, ಪೋಲಿಷ್ ಭಾಷೆಗಳಲ್ಲೂ ಜಿಸಿಎಸ್‌ಇ (ಸುಮಾರು 16ನೇ ವಯಸ್ಸಿಗೆ ಬರೆಯುವ ಶಾಲಾ ಪರೀಕ್ಷೆ) ಇದೆ. ನಿಮ್ಮ ಭಾಷೆಗೂ ಅಂಥದ್ದು ಇದೆಯಾ ಅಂತ ಕೇಳಿ. ಹೆಚ್ಚುವರಿ ಪಾಠ ಬೇಕೇ ಬೇಕು ಅಂತ ಶಾಲೆಯವರು ಹಟ ಹಿಡಿದರೆ, ಅದನ್ನು ಬೇರೆ ಹೊತ್ತಿಗೆ ಇಡಿಸಿ, ಎಷ್ಟು ತಿಂಗಳು ಅನ್ನುವುದನ್ನು ಬರೆಸಿಕೊಳ್ಳಿ.