ಬಾಯಿಪಾಠ ಯಾವುದು, ಅರ್ಥವಾಗಿದ್ದು ಯಾವುದು ಎಂದು ಗೊತ್ತಾಗುವಂತೆ ಟೆಸ್ಟ್ ಪ್ರಶ್ನೆ ಬರೆಯುವುದು ಹೇಗೆ?

ಬಾಯಿಪಾಠ ಮಾಡಿದವರಿಗೂ ನಿಜವಾಗಿ ಅರ್ಥವಾದವರಿಗೂ ನಿಮ್ಮ ಟೆಸ್ಟ್‌ನಲ್ಲಿ ಒಂದೇ ಅಂಕ ಬರುತ್ತಿದೆ ಎಂದು ಕೇಳಿದ್ದೀರಿ. ಪಾಠ ಮಾಡಲು ಶುರು ಮಾಡಿದಾಗ ನನಗೂ ಹೀಗೇ ಆಗುತ್ತಿತ್ತು. ಮಕ್ಕಳು ಮಾಡುವ ತಪ್ಪುಗಳನ್ನು ಬರೆದಿಟ್ಟುಕೊಳ್ಳತೊಡಗಿದ ಮೇಲೆ ನನ್ನ ಪ್ರಶ್ನೆಗಳು ಸುಧಾರಿಸಿದವು.

"1/2 ಮತ್ತು 1/3 ಕೂಡಿಸಿದರೆ ಎಷ್ಟು?" ಎಂಬ ಪ್ರಶ್ನೆಯನ್ನೇ ನೋಡಿ. ಸರಿಯುತ್ತರ 5/6. ಉಳಿದ ಆಯ್ಕೆಗಳಿಗೆ ಸುಮ್ನೆ 7/9, 3/11 ಎಂದು ಹಾಕಿದರೆ ಏನೂ ಗೊತ್ತಾಗುವುದಿಲ್ಲ. 2/5 ಇಡಿ. ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸುವ ಮಗು ನೇರ ಅಲ್ಲಿಗೇ ಹೋಗುತ್ತದೆ. 2/6 ಕೂಡ ಇಡಿ. ಛೇದ 6 ಆಗಬೇಕು ಎಂದು ಗೊತ್ತಿದ್ದು, ಅಂಶ ಬದಲಿಸಲು ಮರೆತವರು ಅದನ್ನು ಆರಿಸುತ್ತಾರೆ. ಇಬ್ಬರಿಗೂ ಅಂಕ ಸಿಗುವುದಿಲ್ಲ ನಿಜ. ಆದರೆ ನಾಳೆ ಇಬ್ಬರಿಗೂ ಹೇಳಿಕೊಡಬೇಕಾದ್ದು ಬೇರೆ ಬೇರೆ, ಅಲ್ವಾ? ಇಂಥ ನಾಲ್ಕನೇ ಆಯ್ಕೆ ಹೊಳೆಯದಿದ್ದರೆ ಮೂರೇ ಸಾಕು. ಯಾರೂ ಮುಟ್ಟದ ಆಯ್ಕೆ ಇದ್ದೂ ಪ್ರಯೋಜನವಿಲ್ಲ.

ಈ ತಪ್ಪುಗಳನ್ನು ಊಹಿಸಬೇಡಿ, ಹಳೇ ಉತ್ತರಪತ್ರಿಕೆಗಳಲ್ಲಿ ಹುಡುಕಿ. ಅವು ಇಲ್ಲದಿದ್ದರೆ ಒಂದು ಸಲ ಆಯ್ಕೆಗಳಿಲ್ಲದೆ ಅದೇ ಪ್ರಶ್ನೆ ಕೊಡಿ. ಮಕ್ಕಳು ಬರೆದದ್ದೇ ಮುಂದಿನ ಸಲಕ್ಕೆ ಆಯ್ಕೆಗಳಾಗುತ್ತವೆ.

ವಿವರಿಸಿ ಬರೆಯುವ ಪ್ರಶ್ನೆಯಲ್ಲಿ "ದ್ಯುತಿಸಂಶ್ಲೇಷಣೆ ಎಂದರೇನು?" ಎಂದರೆ ಪುಸ್ತಕದ ಸಾಲೇ ವಾಪಸ್ ಬರುತ್ತದೆ. "ನೀರಿನೊಳಗಿನ ಗಿಡದಿಂದ ಬೆಳಕಿದ್ದಾಗ ಗುಳ್ಳೆಗಳು ಏಳುತ್ತವೆ, ಕತ್ತಲಾದರೆ ನಿಲ್ಲುತ್ತವೆ. ಯಾಕೆ?" ಎಂದು ಕೇಳಿ ನೋಡಿ. ಇದನ್ನು ಕ್ಲಾಸಿನಲ್ಲಿ ಮೊದಲೇ ಹೇಳಿದ್ದರೆ ಮಾತ್ರ ಬೇಡ, ಆಗ ಇದೂ ಬಾಯಿಪಾಠವೇ. ಪ್ರಶ್ನೆ ಕೊಡುವ ಮೊದಲು ಉತ್ತರವನ್ನು ನೀವೇ ಬರೆದು, ಯಾವುದಕ್ಕೆ ಎಷ್ಟು ಅಂಕ ಎಂದು ಗುರುತಿಸಿಕೊಳ್ಳಿ. ಎಷ್ಟೋ ಸಲ ಪ್ರಶ್ನೆಯೇ ಸ್ಪಷ್ಟವಾಗಿಲ್ಲ ಎಂದು ಅಲ್ಲೇ ತಿಳಿಯುತ್ತದೆ.

"ಮೇಲಿನ ಎಲ್ಲವೂ" ಎಂಬ ಆಯ್ಕೆ ನಾನು ಹಾಕುವುದಿಲ್ಲ. ಎರಡು ಸರಿ ಎಂದು ಗೊತ್ತಾದರೆ ಸಾಕು, ಮೂರನೆಯದನ್ನು ಓದದೆಯೇ ಗುರುತು ಹಾಕಬಹುದು. ಸರಿಯುತ್ತರವೇ ಎಲ್ಲಕ್ಕಿಂತ ಉದ್ದ ಇದ್ದರೂ ಮಕ್ಕಳು ಬೇಗ ಪತ್ತೆ ಹಚ್ಚುತ್ತಾರೆ.

ಟೆಸ್ಟ್ ಆದ ಮೇಲೆ ಅಂಕ ಕೂಡಿಸಿ ಸುಮ್ಮನಾಗಬೇಡಿ. ಚೆನ್ನಾಗಿ ಬಲ್ಲ ಮಕ್ಕಳೇ ಜಾಸ್ತಿ ತಪ್ಪಿ, ಉಳಿದವರು ಸರಿ ಮಾಡಿದ ಪ್ರಶ್ನೆ ಇದ್ದರೆ ಅದನ್ನು ಮತ್ತೆ ಓದಿ. ಎರಡು ಅರ್ಥ ಬರುವ ಮಾತು ಇರಬಹುದು, ನೀವು ಗುರುತಿಸಿದ ಉತ್ತರವೇ ತಪ್ಪಿರಬಹುದು. ಹಾಗಿದ್ದರೆ ಮಕ್ಕಳಿಗೆ ಅದನ್ನು ಹೇಳಿ, ಆ ಪ್ರಶ್ನೆಯ ಅಂಕ ಎಲ್ಲರಿಗೂ ಕೊಟ್ಟುಬಿಡಿ.